ಬಾಗಿಲು ತಟ್ಟಿ ಒಳಗೆ ಹೋಗುವ ಜಾಡಿಯಮ್ಮ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಆಸ್ಪತ್ರೆಯ ಹಿಂಬದಿಯ ಹಳೆಯ ಕಟ್ಟಡದಲ್ಲಿ, ಉದ್ದನೆಯ ಕಾರಿಡಾರಿನ ಕೊನೆಯ ಬಾಗಿಲ ಮುಂದೆ ಒಬ್ಬ ಹೆಂಗಸು ಬೀಗದ ಕೈ ಹಿಡಿದು ನಿಂತಿದ್ದಾರೆ. ಬೀಗ ತೆಗೆದಾಗಿದೆ, ಆದರೂ ಒಳಗೆ ಹೋಗುತ್ತಿಲ್ಲ. ಬೆರಳ ಗೆಣ್ಣಿನಿಂದ ಬಾಗಿಲನ್ನು ಎರಡು ಸಲ ತಟ್ಟುತ್ತಾರೆ, ಸ್ವಲ್ಪ ಹೊತ್ತು ಕಾಯುತ್ತಾರೆ, ಆಮೇಲೆ ಮೆಲ್ಲಗೆ ತಳ್ಳುತ್ತಾರೆ. ರಾತ್ರಿಯಿಡೀ ಬೀಗ ಹಾಕಿದ್ದ ಕೋಣೆ ಅದು, ಒಳಗೆ ಯಾರೂ ಇರಲು ಸಾಧ್ಯವೇ ಇಲ್ಲ.

"ಇಲ್ಲ ಅಂತ ನನಗೂ ಗೊತ್ತು," ಎನ್ನುತ್ತಾರೆ, ಅವರ ಬಗ್ಗೆ ಬರೆಯಲು ಬಂದ ನಮ್ಮತ್ತ ತಿರುಗಿ. "ಆದ್ರೂ ಒಳಗೆ ಇಷ್ಟು ಜನ ಇದಾರಲ್ಲ, ದಿಢೀರ್ ಅಂತ ನುಗ್ಗೋದು ಚೆನ್ನಾಗಿರಲ್ಲ. ಸ್ವಲ್ಪ ಸರಿಮಾಡ್ಕೊಳ್ಳಲಿ ಅಂತ ತಟ್ತೀನಿ."

ಇಷ್ಟು ಜನ ಎಂದರೆ ಜಾಡಿಗಳು. ಇದು ವೈದ್ಯಕೀಯ ಕಾಲೇಜಿನ ಸಂಗ್ರಹಾಲಯ. ಗೋಡೆಯುದ್ದಕ್ಕೂ ಮರದ ಕಪಾಟು, ಕಪಾಟಿನ ತುಂಬ ಗಾಜಿನ ಜಾಡಿ, ಜಾಡಿಯೊಳಗೆ ದ್ರವದಲ್ಲಿ ಮುಳುಗಿದ ಶ್ವಾಸಕೋಶ, ಮೂತ್ರಪಿಂಡ, ಮಿದುಳು, ಕರುಳು. ಬಿಸಿಲು ತಾಗಿದರೆ ಬಣ್ಣ ಮಾಸುತ್ತದೆಂದು ಕಿಟಕಿಗಳಿಗೆ ದಪ್ಪ ಕಪ್ಪು ಪರದೆ. ಅವರು ಒಂದು ಪರದೆಯನ್ನು ಗೇಣಗಲ ಸರಿಸುತ್ತಾರೆ. ಹಳೆಯ ಮರದ ನೆಲ ಅವರ ಹೆಜ್ಜೆಗೆ ಅದುರುತ್ತದೆ, ಆ ಅದುರಿಗೆ ದ್ರವ ಅಲುಗುತ್ತದೆ, ದ್ರವದ ಜೊತೆಗೆ ಒಳಗಿರುವುದೂ ಅಷ್ಟಿಷ್ಟು ತಿರುಗುತ್ತದೆ. ಮೊದಲ ಸಲ ನೋಡಿದವರಿಗೆ, ಕೋಣೆಯೆಲ್ಲ ತಿರುಗಿ ತಮ್ಮತ್ತ ನೋಡಿದಂತೆ ಕಾಣುತ್ತದೆ. ಹೊಸ ವಿದ್ಯಾರ್ಥಿಗಳು ಈ ಹೊತ್ತಿನಲ್ಲಿ ಇಲ್ಲಿಗೆ ಒಂಟಿಯಾಗಿ ಬರುವುದಿಲ್ಲ. ಅವರೇ ಇವರಿಗೆ ಇಟ್ಟ ಹೆಸರು, ಜಾಡಿಯಮ್ಮ.

ದಿನವೂ ಬಾಗಿಲ ಪಕ್ಕದ ಕಪಾಟಿನಿಂದ ಒರೆಸಲು ಶುರು ಮಾಡುವ ಜಾಡಿಯಮ್ಮ ಇವತ್ತು ಬಟ್ಟೆಯನ್ನು ಕೈಯಲ್ಲೇ ಮುದ್ದೆ ಮಾಡಿಕೊಂಡು ನೇರವಾಗಿ ಕೊನೆಯ ಕಿಟಕಿಯ ಬಳಿಗೆ ಹೋಗುತ್ತಾರೆ. ಅಲ್ಲಿರುವುದು ಹೃದಯಗಳ ಕಪಾಟು. ಕೋಣೆಯ ಜಾಡಿಗಳೆಲ್ಲ ನಿಂತಿದ್ದರೆ ಇಲ್ಲಿ ಒಂದು ಮಾತ್ರ ಮಲಗಿದೆ. ಚೌಕನೆಯ, ಅಗಲವಾದ ಜಾಡಿ. ಅದರೊಳಗೊಂದು ಹೃದಯ. ಒಳಗಿನ ಕೋಣೆ ಕಾಣಲೆಂದು ಪಕ್ಕದಲ್ಲಿ ಕಿಟಕಿಯಷ್ಟು ಕತ್ತರಿಸಿ ತೆಗೆದಿದ್ದಾರೆ. ಎಡಗಡೆಯ ಮೇಲಿನ ಕೋಣೆಯಲ್ಲಿ, ಸಣ್ಣ ತೊಟ್ಟೊಂದಕ್ಕೆ ಅಂಟಿಕೊಂಡು, ಕೋಳಿಮೊಟ್ಟೆ ಗಾತ್ರದ ಒಂದು ಗಡ್ಡೆ. ಜಾಡಿ ಮಲಗಿರುವಾಗ ಗಡ್ಡೆಯೂ ಹಿಂದಿನ ಗೋಡೆಗೆ ಒರಗಿ ಮಲಗಿರುತ್ತದೆ. ಜಾಡಿಯನ್ನು ಎಬ್ಬಿಸಿ ನಿಲ್ಲಿಸಿದರೆ ಅದು ನಿಧಾನಕ್ಕೆ ಜಾರಿ, ಕೆಳಗಿನ ಕೋಣೆಗೆ ರಕ್ತ ಇಳಿಯುವ ಕವಾಟದ ಬಾಯಿಗೆ ಬಂದು ಕೂರುತ್ತದೆ.

ಇವತ್ತು ಜಾಡಿ ಮಲಗಿಯೇ ಇದೆ. ಗಡ್ಡೆ ಮಾತ್ರ ಆ ಕವಾಟದ ಬಾಗಿಲಲ್ಲಿದೆ.

ಜಾಡಿಯಮ್ಮ ಒಂದು ಹೆಜ್ಜೆ ಹಿಂದೆ ಸರಿಯುತ್ತಾರೆ. "ನಿನ್ನೆ ಬೀಗ ಹಾಕೋವಾಗ ನೋಡೇ ಹೋಗಿದೀನಿ. ಹಿಂದಕ್ಕೇ ಇತ್ತು," ಎಂದು ಪಿಸುಗುಟ್ಟುತ್ತಾರೆ. ಪಕ್ಕದ ಕಟ್ಟಡ ಒಡೆಯುತ್ತಿದ್ದಾರೆ, ಯಂತ್ರದ ಅದುರಿಗೆ ಜಾರಿರಬಹುದು ಎಂದು ಯಾರು ಬೇಕಾದರೂ ಹೇಳಬಹುದು. ಅವರೂ ಅದನ್ನೇ ಹೇಳಿಕೊಳ್ಳುತ್ತಾರೆ. "ಅದುರಿಗೇ ಇರಬೇಕು. ಆದ್ರೆ ಒಡೆಯೋಕೆ ಶುರು ಮಾಡಿ ಎಷ್ಟು ದಿನ ಆಯ್ತು! ಇವತ್ತೇ ಯಾಕೆ ಬರಬೇಕಿತ್ತು ಇದು ಬಾಗಿಲಿಗೆ?"

ಇವತ್ತು ಎಂದರೆ, ಅಂಗಳದ ಆಚೆ ಕಡೆಯ ದೊಡ್ಡ ಕಟ್ಟಡದಲ್ಲಿ ಅವರ ಸೊಸೆಯ ಎದೆಯ ಸ್ಕ್ಯಾನಿಂಗ್ ಇರುವ ದಿನ. ಹಿಂದೊಮ್ಮೆ ಅವಳ ಹೃದಯದಲ್ಲೂ ಇಂಥದ್ದೇ ಒಂದು ಗಡ್ಡೆ ಇತ್ತು. ತೆಗೆದಿದ್ದಾರೆ. ಈಗ ಅದು ಮತ್ತೆ ಬಂದಿದೆಯೇ ಎಂದು ನೋಡುತ್ತಾರೆ.

ಜಾಡಿಯಮ್ಮ ಆ ಜಾಡಿಯನ್ನು ಮುಟ್ಟುವುದಿಲ್ಲ. ಬಾಗಿಲ ಬಳಿಗೆ ವಾಪಸು ಬಂದು, ದಿನದಂತೆ ಮೊದಲ ಕಪಾಟಿನಿಂದ ಒರೆಸಲು ತೊಡಗುತ್ತಾರೆ.

ಅವರು ಈ ಕೆಲಸಕ್ಕೆ ಬಂದದ್ದು ಗಂಡ ತೀರಿಕೊಂಡ ವರ್ಷ, ಮಗನಿನ್ನೂ ಶಾಲೆಗೆ ಹೋಗುತ್ತಿದ್ದಾಗ. ಕಸ ಗುಡಿಸಲು ಎಂದು ಸೇರಿಸಿಕೊಂಡರು. ಇಲ್ಲಿ ಕಸ ಗುಡಿಸಲು ಯಾರೂ ಒಪ್ಪುತ್ತಿರಲಿಲ್ಲ, ಇವರು ಒಪ್ಪಿದರು, ಅಷ್ಟೇ. ಆಗ ಸಂಗ್ರಹಾಲಯ ನೋಡಿಕೊಳ್ಳುತ್ತಿದ್ದ ಹಳೆಯ ಮೇಷ್ಟ್ರು, ಗುಡಿಸುವ ಹೆಂಗಸು ಜಾಡಿಗಳ ಮುಂದೆ ಕಣ್ಣು ಮುಚ್ಚಿಕೊಳ್ಳದೆ ನಿಲ್ಲುವುದನ್ನು ಕಂಡು, ಒಂದೊಂದೇ ಕೆಲಸ ಕೈಗೆ ಹಚ್ಚಿದರು. ದ್ರವ ಕದಡಿದರೆ ಬದಲಾಯಿಸುವುದು, ಆವಿಯಾಗಿ ಇಳಿದಿದ್ದರೆ ತುಂಬುವುದು, ಮುಚ್ಚಳದ ಅಂಚಿಗೆ ಮೇಣ ಹಚ್ಚುವುದು, ಒಳಗಿರುವುದನ್ನು ನೂಲಿನಿಂದ ಹಲಗೆಗೆ ಹೊಲಿಯುವುದು. ಮುನ್ನೂರಕ್ಕೂ ಹೆಚ್ಚು ಜಾಡಿಗಳಿವೆ. ಒಂದು ಸುತ್ತು ಮುಗಿಯುವ ಹೊತ್ತಿಗೆ ಮೊದಲಿನದು ಮತ್ತೆ ಕದಡಿರುತ್ತದೆ.

ಆ ದ್ರವ ಫಾರ್ಮಲಿನ್. ಕಣ್ಣಿಗೆ ಈರುಳ್ಳಿಗಿಂತ ಕೆಟ್ಟದ್ದು. ಮೊದಲೆಲ್ಲ ಕೈಗವಸು ಸಿಗುತ್ತಿದ್ದುದೇ ಅಪರೂಪ, ಬರಿಗೈಯನ್ನೇ ಅದ್ದುತ್ತಿದ್ದರು. ಸತ್ತದ್ದು ಕೊಳೆಯದಂತೆ ಗಟ್ಟಿ ಮಾಡುವ ನೀರು ಅದು, ಬದುಕಿರುವವರ ಚರ್ಮವನ್ನೇನೂ ಬಿಟ್ಟುಬಿಡುವುದಿಲ್ಲ. ಜಾಡಿಯಮ್ಮನ ಹತ್ತೂ ಬೆರಳ ತುದಿಗಳು ದಪ್ಪಗಟ್ಟಿ ಬಿಳಿಚಿಕೊಂಡಿವೆ. ಬಿಸಿ ಚಹಾದ ಲೋಟವನ್ನು ಬೇರೆಯವರು ಅಂಚಿನಲ್ಲಿ ಹಿಡಿದರೆ ಇವರು ಅಂಗೈ ತುಂಬ ಹಿಡಿಯುತ್ತಾರೆ. "ಮೂಗೂ ಹೋಯ್ತು, ಬೆರಳೂ ಹೋಯ್ತು. ಬಾಯಿ ಒಂದು ಉಳಿದಿದೆ, ಅದಕ್ಕೇ ಮನೆಯವರಿಗೆ ಬೇಜಾರು," ಎಂದು ನಗುತ್ತಾರೆ. ಮೈಗೆ ಹತ್ತಿದ ಆ ವಾಸನೆಗೆ, ಬಸ್ಸಿನಲ್ಲಿ ಪಕ್ಕದ ಸೀಟು ಖಾಲಿಯಿದ್ದರೂ ಜನ ನಿಂತೇ ಬರುತ್ತಾರಂತೆ. "ಆರಾಮಾಗಿ ಕಾಲು ಚಾಚ್ಕೊಂಡು ಬರ್ತೀನಿ ನಾನು."

ತಮಾಷೆ ಮಾಡುತ್ತಾರೆ ನಿಜ. ಆದರೆ ಆ ಸತ್ತ ಬೆರಳುಗಳ ಮೇಲೆ ಅವರಿಗೆ ಇರುವ ಸಿಟ್ಟು ಸಣ್ಣದಲ್ಲ, ಅದರ ಕಥೆ ಮುಂದೆ ಬರುತ್ತದೆ.

ಬೆಳಗಿನ ಕೆಲಸ ಮುಗಿಯುವ ಹೊತ್ತಿಗೆ ವಿದ್ಯಾರ್ಥಿಗಳ ಒಂದು ತಂಡ ಬರುತ್ತದೆ. ಪಾಠ ಮಾಡುವವರು ಹೃದಯದ ಕಪಾಟಿನ ಮುಂದೆ ನಿಲ್ಲುತ್ತಾರೆ. ಜಾಡಿಯಮ್ಮ ಮೂಲೆಯ ಸ್ಟೂಲಿನಲ್ಲಿ ಕುಳಿತು, ವರ್ಷಗಳಿಂದ ಕೇಳಿದ್ದನ್ನೇ ಮತ್ತೆ ಕೇಳುತ್ತಾರೆ. ಹೃದಯದಲ್ಲಿ ಹುಟ್ಟುವ ಗಡ್ಡೆಗಳು ಅಪರೂಪ. ಅಲ್ಲೇ ಹುಟ್ಟಿದವುಗಳಲ್ಲಿ ಹೆಚ್ಚಿನವು ಕ್ಯಾನ್ಸರ್ ಅಲ್ಲ, ಸಾಧು ಗಡ್ಡೆಗಳು. ಮೇಲಿನ ಸಾಲಿನ ಪುಟ್ಟ ಜಾಡಿಯಲ್ಲಿ ಹಸುಗೂಸಿನ ಹೃದಯವಿದೆ, ಗೋಡೆಯಲ್ಲಿ ಬೆಳ್ಳನೆಯ ಗಂಟುಗಳು. ಇಂಥವು ಎಷ್ಟೋ ಮಕ್ಕಳಲ್ಲಿ ಬೆಳೆಯುತ್ತ ಬೆಳೆಯುತ್ತ ತಾವಾಗಿಯೇ ಕರಗಿಹೋಗುತ್ತವೆ, ಈ ಮಗುವಿಗೆ ಅಷ್ಟು ಕಾಲ ಸಿಗಲಿಲ್ಲ. ಅದರ ಪಕ್ಕದ್ದು ರಬ್ಬರಿನಷ್ಟು ಗಟ್ಟಿ ಗಡ್ಡೆ. ಆಡುತ್ತಾಡುತ್ತ ಎದೆಬಡಿತ ತಾಳ ತಪ್ಪಿ ಬಿದ್ದ ಹುಡುಗಿಯದು. ಇನ್ನೊಂದು ಜಾಡಿಯಲ್ಲಿ ಕವಾಟದ ಅಂಚಿಗೆ ಅಂಟಿದ, ಉಗುರಿನಷ್ಟಗಲದ ಎಳೆ ಎಳೆಯ ಗಡ್ಡೆ. ದ್ರವದಲ್ಲಿ ಅದು ಹೂವಿನಂತೆ ಅರಳಿರುತ್ತದೆ, ಹೊರಗೆ ತೆಗೆದರೆ ಒದ್ದೆ ಕೂದಲಿನಂತೆ ಮುದುಡಿಕೊಳ್ಳುತ್ತದೆ. ಅದರ ಯಜಮಾನನಿಗೆ ಎದೆಯಲ್ಲಿ ಒಂದು ದಿನವೂ ನೋವಿರಲಿಲ್ಲ. ಗಡ್ಡ ಬೋಳಿಸಿಕೊಳ್ಳುತ್ತಿದ್ದಾಗ ಒಂದು ಕಣ್ಣು ಕತ್ತಲಾಯಿತು, ಬಾಯಿ ಸೊಟ್ಟಗಾಯಿತು. ಚೂರೊಂದು ಕಳಚಿ ರಕ್ತದಲ್ಲಿ ತೇಲಿ ಮಿದುಳಿಗೆ ಹೋಗಿತ್ತು.

ಆಮೇಲೆ ಮಲಗಿದ ಜಾಡಿ. ಗಡ್ಡೆ ಆಗಲೇ ಬಾಗಿಲಲ್ಲಿರುವುದರಿಂದ ಇವತ್ತು ಯಾರೂ ಅದನ್ನು ಎಬ್ಬಿಸುವುದಿಲ್ಲ. ದೊಡ್ಡವರಲ್ಲಿ ಹೆಚ್ಚಾಗಿ ಕಾಣುವ ಗಡ್ಡೆ ಇದೇ, ಗಂಡಸರಿಗಿಂತ ಹೆಂಗಸರಲ್ಲಿ ಜಾಸ್ತಿ. ಮೆತ್ತಗೆ, ಲೋಳೆಲೋಳೆಯಾಗಿ ಇರುತ್ತದೆ. ಇದರ ವೇಷಗಳು ಹಲವು. ಕೆಲವರಿಗೆ ದಿನವೂ ಸಣ್ಣ ಜ್ವರ, ತೂಕ ಇಳಿಯುವುದು, ಕೀಲುನೋವು. ಕೆಲವರಿಗೆ ಚೂರು ಕಳಚಿ ಕೈಯಲ್ಲೋ ಕಾಲಲ್ಲೋ ಮಿದುಳಲ್ಲೋ ರಕ್ತ ನಿಲ್ಲುವುದು. ಕೆಲವರಿಗೆ ಉಬ್ಬಸ. ಸಾಮಾನ್ಯವಾಗಿ ಹೃದಯ ಸೋತವರಿಗೆ ಮಲಗಿದರೆ ಉಸಿರು ಕಟ್ಟುತ್ತದೆ, ಎದ್ದು ಕುಳಿತರೆ ಹಾಯೆನಿಸುತ್ತದೆ. ಇದರಲ್ಲಿ ಕೆಲವರಿಗೆ ಎಲ್ಲ ಉಲ್ಟಾ. ಎದ್ದು ನಿಂತರೆ ಗಡ್ಡೆ ಜಾರಿ ಬಾಗಿಲಿಗೆ ಅಡ್ಡ ಬರುತ್ತದೆ, ತಲೆ ಸುತ್ತುತ್ತದೆ. ಮಲಗಿದರೆ ಬಾಗಿಲು ತೆರೆಯುತ್ತದೆ. ಅದನ್ನು ಕಣ್ಣಾರೆ ತೋರಿಸಲೆಂದೇ ಹಳೆಯ ಮೇಷ್ಟ್ರು ಈ ಗಡ್ಡೆಯನ್ನು ಹೊಲಿಯದೆ ತೊಟ್ಟಿಗೇ ಬಿಟ್ಟಿದ್ದರು. ಜಾಡಿ ಎಬ್ಬಿಸುತ್ತಿದ್ದರು, ಮಲಗಿಸುತ್ತಿದ್ದರು. "ಪಾಠ ಆದ್ಮೇಲೆ ಮರೀದೆ ಮಲಗಿಸಮ್ಮ, ಪಾಪ, ಸುಸ್ತಾಗಿರುತ್ತೆ," ಎಂದು ತಮಾಷೆ ಮಾಡುತ್ತಿದ್ದರಂತೆ.

ಅಂದಿನಿಂದ ಪ್ರತಿ ಪಾಠದ ನಂತರ ಜಾಡಿಯಮ್ಮ ಆ ಜಾಡಿಯನ್ನು ಎರಡೂ ಕೈಯಲ್ಲಿ ಹಿಡಿದು, ಮಗು ಮಲಗಿಸುವಷ್ಟು ಜೋಪಾನವಾಗಿ ಮಲಗಿಸುತ್ತ ಬಂದರು. ಮಲಗಿಸಿ ಮನೆಗೆ ಹೋಗಿ, ಮಲಗಿದ್ದ ಸೊಸೆಯನ್ನು ಬೈದು ಎಬ್ಬಿಸುತ್ತಿದ್ದರು.

ಸೊಸೆ ಚಪ್ಪಲಿ ಅಂಗಡಿಯಲ್ಲಿ ಕೆಲಸ ಮಾಡುವವಳು. ಗಿರಾಕಿಗಳ ಕಾಲ ಬುಡದಲ್ಲಿ ಮಂಡಿಯೂರಿ, ಶೂ ತೊಡಿಸಿ, ಪಟ್ಟಿ ಬಿಗಿದು, ಸರಿಹೋಗದಿದ್ದರೆ ಎದ್ದು ಇನ್ನೊಂದು ಅಳತೆಯದು ತರುವುದು. ದಿನವಿಡೀ ಬಗ್ಗುವುದು, ಏಳುವುದು. ಮಗ ಮೆಚ್ಚಿ ಕರೆತಂದ ಹುಡುಗಿ. ಮೊದಮೊದಲು ಅತ್ತೆಯ ಕೈ ಎಂದರೆ ಅವಳಿಗೆ ಜೀವ ಹೋಗುತ್ತಿತ್ತು. ಆ ಕೈ ಹಗಲಲ್ಲಿ ಏನೇನು ಮುಟ್ಟಿದೆಯೋ ಎಂದು ತಟ್ಟೆಯನ್ನು ದೂರದಿಂದಲೇ ತೆಗೆದುಕೊಳ್ಳುತ್ತಿದ್ದಳು. ಅತ್ತೆಗೂ ಅದು ಗೊತ್ತಾಗಿ, ಬೇಕೆಂದೇ ಕೈ ಮುಟ್ಟಿಸಿ ಕೊಡುತ್ತಿದ್ದರು. ಇಬ್ಬರೂ ಕಡಿಮೆಯವರಲ್ಲ.

ವರ್ಷ ಕಳೆಯುವುದರೊಳಗೆ ಸೊಸೆ ಮನೆಗೆ ಬಂದವಳೇ ಬಟ್ಟೆಯನ್ನೂ ಬದಲಾಯಿಸದೆ ಮಲಗತೊಡಗಿದಳು. ಮಂಚ ದೂರವೆನಿಸಿದರೆ ನೆಲದ ಮೇಲೇ. ಪೊರಕೆ ಹಿಡಿದರೆ ಅರ್ಧಕ್ಕೇ ನಿಲ್ಲಿಸಿ ಗೋಡೆಗೆ ಒರಗುತ್ತಿದ್ದಳು. "ಬಗ್ಗಿ ಎದ್ರೆ ಕತ್ತಲೆ ಬರುತ್ತೆ ಅತ್ತೆ," ಎನ್ನುತ್ತಿದ್ದಳು. ಅತ್ತೆ ಮೂಗು ಮುರಿಯುತ್ತಿದ್ದರು. "ಅಂಗಡೀಲಿ ಬಗ್ಗೋಕಾಗುತ್ತೆ, ಮನೇಲಿ ಬಗ್ಗಿದ್ರೆ ಕತ್ತಲೆ! ಏಳೇ ಸೋಮಾರಿ." ಆ ಮಾತು ಆ ಮನೆಯಲ್ಲಿ ಗಡಿಯಾರದಂತೆ ದಿನವೂ ಬಡಿಯುತ್ತಿತ್ತು. ಬೈಸಿಕೊಂಡವಳು ಮೆಲ್ಲಗೆ ಏಳುತ್ತಿದ್ದಳು, ಬಾಗಿಲ ಚೌಕಟ್ಟು ಹಿಡಿದು ನಿಲ್ಲುತ್ತಿದ್ದಳು, ಮುಖ ಗೋಡೆಯ ಸುಣ್ಣದ ಬಣ್ಣಕ್ಕೆ ತಿರುಗುತ್ತಿತ್ತು.

ಒಂದು ಸಂಜೆ ಸೊಸೆ, "ಜ್ವರ ಇದೆ ಅನ್ಸುತ್ತೆ, ದಿನಾ ಸಂಜೆ ಹೀಗೇ ಆಗುತ್ತೆ," ಎಂದಳು. ಜಾಡಿಯಮ್ಮ ಹಣೆ ಮುಟ್ಟಿ ನೋಡಿದರು. ಒಂದು ಸಲವಲ್ಲ, ಎಷ್ಟೋ ಸಂಜೆ ನೋಡಿದರು. ಹಣೆ ಬಿಸಿಯಿಲ್ಲ, ಕತ್ತು ಬಿಸಿಯಿಲ್ಲ. ಏನೂ ಇಲ್ಲ, ಎಲ್ಲ ನಾಟಕ, ಎಂದರು.

"ಇದ್ದೇ ಇತ್ತು ಜ್ವರ," ಎಂದು ಈಗ ತಮ್ಮ ಬೆರಳುಗಳನ್ನು ಬೆಳಕಿಗೆ ಹಿಡಿಯುತ್ತಾರೆ. "ಇವುಕ್ಕೆ ಗೊತ್ತಾಗ್ಲಿಲ್ಲ. ಬೆಂಕಿ ಮುಟ್ಟಿದ್ರೇ ತಡವಾಗಿ ಗೊತ್ತಾಗೋ ಕೈ ಇದು, ಸಣ್ಣ ಜ್ವರ ಎಲ್ಲಿ ಗೊತ್ತಾಗ್ಬೇಕು? ಆದ್ರೆ ಮನುಷ್ಯರಿಗೆ ತಮ್ಮ ಕೈ ಮೇಲೆ ಎಷ್ಟು ನಂಬಿಕೆ ನೋಡಿ. ಸುಳ್ಳು ಹೇಳ್ತಿರೋಳು ಅವಳು ಅಂದ್ಕೊಂಡೆ. ಸುಳ್ಳು ಹೇಳ್ತಾ ಇದ್ದಿದ್ದು ನನ್ನ ಕೈ."

ಮಲಗಿದ ಜಾಡಿಯ ಕಥೆಯನ್ನು ಬಾಯಿಪಾಠ ಬರುವಷ್ಟು ಸಲ ಕೇಳಿದ್ದವರಿಗೆ, ಮನೆಯಲ್ಲಿ ಮಲಗಿದವಳು ಹೊಳೆಯಲಿಲ್ಲವೇ? ಈ ಪ್ರಶ್ನೆಯನ್ನು ಕೇಳುವುದು ಕಷ್ಟ, ಕೇಳಿದರೆ ಅವರು ಒಂದು ಜಾಡಿಯ ಮೇಲಿಲ್ಲದ ಧೂಳನ್ನು ಒರೆಸುತ್ತಾರೆ. "ಇದೆಲ್ಲ ಸತ್ತವರ ಕಾಯಿಲೆ ಅಂತ ನನ್ನ ತಲೇಲಿ ಕೂತ್ಬಿಟ್ಟಿತ್ತು," ಎನ್ನುತ್ತಾರೆ ಕೊನೆಗೆ. "ಜಾಡೀಲಿರೋದು ಜಾಡೀಲೇ ಇರುತ್ತೆ ಅಂತ. ಬೀಗ ಹಾಕ್ಕೊಂಡು ಹೋಗ್ತೀನಲ್ಲ, ಹಿಂದೆ ಯಾರು ಬರ್ತಾರೆ?"

ಸೊಸೆ ಬಿದ್ದದ್ದು ಅಂಗಡಿಯಲ್ಲಿ. ಗಿರಾಕಿಯೊಬ್ಬಳಿಗೆ ಒಂದು ಕಾಲಿಗೆ ಶೂ ತೊಡಿಸಿ, ಇನ್ನೊಂದು ತರಲು ಎದ್ದವಳು ಹಾಗೇ ಕುಸಿದಳು. ಜೊತೆಯವರು ಎತ್ತಿ ಕುರ್ಚಿಯಲ್ಲಿ ಕೂರಿಸಿದರು, ಕಣ್ಣು ಮತ್ತೆ ಮೇಲಕ್ಕೆ ಹೋಯಿತು. ನೀರು ಕುಡಿಸಲು ತಲೆ ಎತ್ತಿ ಹಿಡಿದರು, ತುಟಿ ನೀಲಿಯಾಯಿತು. ಕೈ ಸೋತು ನೆಲಕ್ಕೆ ಇಳಿಸಿದಾಗ, ಚಪ್ಪಲಿ ಡಬ್ಬಿಗಳ ನಡುವೆ ಅಂಗಾತ ಮಲಗಿದವಳಿಗೆ ಉಸಿರು ಬಂತು. ಒಂದೇ ಕಾಲಿನ ಶೂ ತೊಟ್ಟ ಆ ಗಿರಾಕಿ ಹಾಗೇ ಆಂಬುಲೆನ್ಸ್ ಹತ್ತಿ ಆಸ್ಪತ್ರೆಯವರೆಗೂ ಬಂದಿದ್ದಳಂತೆ.

ಸ್ಕ್ಯಾನಿಂಗ್ ಕೋಣೆಯಲ್ಲಿ ದೀಪ ಆರಿಸಿದ್ದರು. ಮಗ ಬಸ್ಸು ಓಡಿಸುತ್ತ ಎಲ್ಲೋ ದೂರದ ದಾರಿಯಲ್ಲಿದ್ದ. ಸೊಸೆಯ ಕೈ ಹಿಡಿದು ಪಕ್ಕದಲ್ಲಿ ನಿಂತದ್ದು ಜಾಡಿಯಮ್ಮ. ಬೂದು ಬಣ್ಣದ ತೆರೆಯ ಮೇಲೆ ಹೃದಯ ಮೂಡಿತು. ಅದರೊಳಗೆ, ಎಡಗಡೆಯ ಮೇಲಿನ ಕೋಣೆಯಲ್ಲಿ, ಮೊಟ್ಟೆಯಷ್ಟು ಗಾತ್ರದ ಒಂದು ಮುದ್ದೆ.

ಅದನ್ನು ಅವರು ಗುರುತಿಸಿದರು. ಇಷ್ಟು ವರ್ಷ ತಾವೇ ಒರೆಸಿದ, ಎಬ್ಬಿಸಿದ, ಮಲಗಿಸಿದ ವಸ್ತು. ಆದರೆ ಜಾಡಿಯಲ್ಲಿ ಸುಮ್ಮನೆ ಬಿದ್ದಿರುತ್ತಿದ್ದದ್ದು ಇಲ್ಲಿ ಕುಣಿಯುತ್ತಿತ್ತು. ಪ್ರತಿ ಬಡಿತಕ್ಕೂ ಬಾಗಿಲಿಗೆ ಬರುತ್ತಿತ್ತು, ಇಣುಕುತ್ತಿತ್ತು, ಹಿಂದಕ್ಕೆ ಹೋಗುತ್ತಿತ್ತು. ಯಂತ್ರದಿಂದ ಎದೆಬಡಿತದ ಸದ್ದು ಕತ್ತಲೆಯಲ್ಲಿ ತುಂಬಿಕೊಂಡಿತ್ತು. "ಸತ್ತಿದ್ದು ಎದ್ದು ಬಂದಂಗಿತ್ತು ನನಗೆ. ಕೋಣೆಗೆ ಬೀಗ ಹಾಕಿ ಬಂದೆ, ಇದು ನನಗಿಂತ ಮುಂಚೆ ಮನೆಗೆ ಬಂದು ಇವಳೊಳಗೆ ಸೇರ್ಕೊಂಡಿದೆ ಅನ್ನಿಸ್ತು." ವೈದ್ಯರು, ಅರ್ಥವಾಯಿತೇನಮ್ಮ ಎಂದು ಕೇಳಿದರಂತೆ. ಇವರ ಬಾಯಿಂದ ಬಂದದ್ದು ಒಂದೇ ಮಾತು: "ನಮ್ಮಲ್ಲಿದೆ ಇದು."

ಕ್ಯಾನ್ಸರ್ ಅಲ್ಲ, ಸಾಧು ಗಡ್ಡೆ, ಹೆದರಬೇಡಿ ಎಂದು ವೈದ್ಯರು ಧೈರ್ಯ ಹೇಳಿದರು. ಜಾಡಿಯಮ್ಮನಿಗೆ ರೇಗಿತು. "ಬಾಗಿಲಿಗೆ ಅಡ್ಡ ಕೂತ್ಮೇಲೆ ಸಾಧು ಆದ್ರೇನು, ಕಳ್ಳ ಆದ್ರೇನು ಡಾಕ್ಟ್ರೇ? ಮೊದ್ಲು ಎಬ್ಬಿಸಿ ಆಚೆ ಹಾಕಿ." ತಡಮಾಡದೆ ಹಾಕಿದರು. ಚೂರು ಕಳಚಿ ಮಿದುಳಿಗೆ ಹೋಗುವ ಮೊದಲೇ ಎದೆ ತೆರೆದು, ಗಡ್ಡೆಯನ್ನೂ ಅದು ಬೇರೂರಿದ್ದ ಗೋಡೆಯ ತುಣುಕನ್ನೂ ತೆಗೆದು ತೇಪೆ ಹಚ್ಚಿದರು. ಸಾಮಾನ್ಯವಾಗಿ ಮತ್ತೆ ಬರುವುದಿಲ್ಲ ಎಂದರು. ಅಪರೂಪಕ್ಕೆ ಕೆಲವರಲ್ಲಿ ಬರುತ್ತದೆ ಎಂದೂ ಹೇಳಿದರು. ಜಾಡಿಯಮ್ಮನ ಕಿವಿಯಲ್ಲಿ ಉಳಿದದ್ದು ಎರಡನೆಯ ಮಾತು.

ತೆಗೆದ ಗಡ್ಡೆ ಪರೀಕ್ಷೆ ಮುಗಿಸಿಕೊಂಡು, ವಾಡಿಕೆಯಂತೆ ಇದೇ ಕೋಣೆಗೆ ಬಂತು. ಬೇರೆ ಯಾರಾದರೂ ಜಾಡಿಗೆ ಹಾಕುತ್ತಾರೆ, ನೀವು ರಜೆ ತೆಗೆದುಕೊಳ್ಳಿ ಎಂದರು. ಇವರು ಒಪ್ಪಲಿಲ್ಲ. "ನಮ್ಮ ಮನೇದನ್ನ ಬೇರೆಯವರ ಕೈಗೆ ಯಾಕೆ ಕೊಡಲಿ?" ಕಿಟಕಿಯ ಬಳಿ ಕುಳಿತು ತೊಟ್ಟಿನ ಬುಡಕ್ಕೆ ನೂಲು ಹಾಕಿ ಹಲಗೆಗೆ ಹೊಲಿದರು. ಅಲುಗಾಡದಂತೆ ಬಿಗಿಯಾಗಿ ಹೊಲಿದರು, ಬೇಕಾದ್ದಕ್ಕಿಂತ ಹೆಚ್ಚೇ ಹೊಲಿದರು. ಮಲಗಿದ ಜಾಡಿಯ ಪಕ್ಕದಲ್ಲಿ ಈಗ ಅದು ನಿಂತಿದೆ. ಈ ಕೋಣೆಯ ಹೃದಯಗಳ ಯಜಮಾನರೆಲ್ಲ ಎಂದೋ ತೀರಿಹೋದವರು. ಹೃದಯದ ಕಪಾಟಿನಲ್ಲಿ ಯಜಮಾನಿ ಬದುಕಿರುವ ಜಾಡಿ ಅದೊಂದೇ.

ಚೇತರಿಸಿಕೊಂಡ ಮೇಲೆ ಸೊಸೆ ಒಮ್ಮೆ ಬಂದು ನೋಡಿದಳು. ಅತ್ತೆ ಹೆದರುತ್ತ ತೋರಿಸಿದರೆ, ಅವಳು ಗಾಜಿಗೆ ಮೂಗು ಒತ್ತಿ, "ಅಯ್ಯೋ, ಇಷ್ಟೇನಾ? ಇದಕ್ಕಾ ಅಷ್ಟು ಬೈಸ್ಕೊಂಡೆ ನಾನು?" ಎಂದು ನಕ್ಕಳು. ಜಾಡಿಯಮ್ಮನಿಗೆ ನಗಲಾಗಲಿಲ್ಲ.

ಅಂದಿನಿಂದ ಆ ಮನೆಯಲ್ಲಿ ಸೋಮಾರಿ ಎಂಬ ಮಾತು ನಿಂತುಹೋಗಿದೆ. ಬೆಕ್ಕಿಗೂ ಹೇಳುವುದಿಲ್ಲ, ಮಗನಿಗೂ ಹೇಳುವುದಿಲ್ಲ. ಸೊಸೆ ಅನ್ನ ತಳ ಹಿಡಿಸಿದರೂ ಅತ್ತೆ ನಾಲಿಗೆ ಕಚ್ಚಿಕೊಳ್ಳುತ್ತಾರೆ. ಸೊಸೆಗೆ ಇದೇ ಹಿಂಸೆ. "ಬೈರಿ ಅತ್ತೆ, ಹೀಗೆ ಸುಮ್ನಿದ್ರೆ ನನಗೆ ಭಯ ಆಗುತ್ತೆ," ಎನ್ನುತ್ತಾಳಂತೆ. ಹೇಗೆ ಬೈಯುವುದು? ಅವಳು ಮಲಗಿದ್ದರೆ ಇವರು ಬಾಗಿಲಲ್ಲಿ ನಿಂತು ಹೊದಿಕೆ ಮೇಲೇರಿ ಕೆಳಗಿಳಿಯುವುದನ್ನು ನೋಡುತ್ತಾರೆ. ಈಗ ಕೆಲವು ವಾರಗಳಿಂದ ಅವಳು ಅಂಗಡಿಯಿಂದ ಬಂದವಳೇ ಮತ್ತೆ ಮಲಗುತ್ತಿದ್ದಾಳೆ. ಮೊನ್ನೆ ಎದ್ದವಳು ಮತ್ತೆ ಗೋಡೆ ಹಿಡಿದುಕೊಂಡಳು. ಅದಕ್ಕೇ ಈ ಸಲ ವೈದ್ಯರು ಗೊತ್ತುಮಾಡಿದ್ದ ದಿನಕ್ಕೂ ಮುಂಚೆಯೇ ಸ್ಕ್ಯಾನಿಂಗ್. ಜೊತೆಗೆ ಬರುತ್ತೇನೆಂದರೆ ಸೊಸೆ ಬೇಡವೆಂದಳು. "ನೀವು ಬಂದ್ರೆ ನನ್ನನ್ನ ಜಾಡಿ ನೋಡೋ ಹಾಗೆ ನೋಡ್ತೀರ. ಇವರು ಬರ್ತಾರೆ, ಸಾಕು." ಮಗ ರಜೆ ಹಾಕಿ ಕರೆದುಕೊಂಡು ಹೋಗಿದ್ದಾನೆ.

ನಿಮಗೇನು ಆಸೆ ಎಂದು ಇಂಥವರನ್ನು ಕೇಳುವುದು ವಾಡಿಕೆ. ಜಾಡಿಯಮ್ಮ ಯೋಚಿಸುವುದೂ ಇಲ್ಲ. "ಅವಳನ್ನ ಒಂದು ಸಲ ಬಾಯ್ತುಂಬ ಬೈಬೇಕು. ಹೆದರಿಕೆ ಇಲ್ದೆ. ಬೇರೇನೂ ಬೇಡ."

ಮಧ್ಯಾಹ್ನವಾಗುತ್ತದೆ. ಫೋನು ಸ್ಟೂಲಿನ ಮೇಲೆ ಸುಮ್ಮನೆ ಬಿದ್ದಿದೆ. ಊಟದ ಡಬ್ಬಿ ತೆರೆದೇ ಇಲ್ಲ. ಪಕ್ಕದ ಕಟ್ಟಡದ ಯಂತ್ರ ಗುರ್ರೆಂದಾಗ ಕೋಣೆಯ ಜಾಡಿಗಳೆಲ್ಲ ಕಿಣಿಕಿಣಿ ಎನ್ನುತ್ತವೆ, ನಿಂತಾಗ ಒಂದೊಂದೇ ಸುಮ್ಮನಾಗುತ್ತವೆ. ಮಲಗಿದ ಜಾಡಿಯ ಗಡ್ಡೆ ಇನ್ನೂ ಬಾಗಿಲಲ್ಲೇ ಇದೆ. ಅದರ ಮುಚ್ಚಳದ ಕೆಳಗೆ ಎಲ್ಲಿಂದಲೋ ಒಂದು ಗುಳ್ಳೆ ಹುಟ್ಟಿ, ಗಾಜಿಗೆ ಅಂಟಿ ನಿಂತಿದೆ. ಜಾಡಿಯಮ್ಮ ಅದನ್ನೇ ಕಣ್ಣು ಮಿಟುಕಿಸದೆ ನೋಡುತ್ತಾರೆ. "ಯಾಕೆ ಫೋನ್ ಮಾಡ್ಲಿಲ್ಲ? ಒಳ್ಳೇ ಸುದ್ದಿ ಆಗಿದ್ರೆ ಇಷ್ಟೊತ್ತಿಗೆ ಮಾಡ್ತಿದ್ರು." ಈ ಮಾತನ್ನು ನಮಗೆ ಹೇಳುತ್ತಾರೋ ಜಾಡಿಗೆ ಹೇಳುತ್ತಾರೋ ತಿಳಿಯುವುದಿಲ್ಲ.

ಆಗ ಬಾಗಿಲು ತಟ್ಟಿದ ಸದ್ದಾಗುತ್ತದೆ. ಎರಡು ಸಲ. ಆಮೇಲೆ ನಿಶ್ಶಬ್ದ.

ಜಾಡಿಯಮ್ಮ ಬೆಚ್ಚಿ ಎದ್ದು ನಿಲ್ಲುತ್ತಾರೆ. ಈ ಬಾಗಿಲನ್ನು ಬೇರೆ ಯಾರೂ ತಟ್ಟುವುದಿಲ್ಲ. ವಿದ್ಯಾರ್ಥಿಗಳು ನೂಕಿಕೊಂಡು ಬರುತ್ತಾರೆ, ಮೇಷ್ಟ್ರುಗಳು ಕೆಮ್ಮಿ ಬರುತ್ತಾರೆ. ಎರಡು ಸಲ ತಟ್ಟಿ ಕಾಯುವುದು ಈ ಕೋಣೆಯಲ್ಲಿ ಒಬ್ಬರೇ, ಆ ಒಬ್ಬರು ಈಗ ಒಳಗಿದ್ದಾರೆ. ಹೊರಗೆ ಕಾಯುತ್ತಿರುವುದು ಕಾಯುತ್ತಲೇ ಇದೆ.

ಬಾಗಿಲು ಮೆಲ್ಲಗೆ ತೆರೆದುಕೊಳ್ಳುತ್ತದೆ. ಸೊಸೆ ನಿಂತಿದ್ದಾಳೆ.

"ಸರಿಮಾಡ್ಕೊಂಡ್ರಾ ಎಲ್ರೂ?" ಎಂದು ಜಾಡಿಗಳತ್ತ ಕೈಯಾಡಿಸುತ್ತಾಳೆ. ಅತ್ತೆಯ ಮುಖ ನೋಡಿ ನಗು ನಿಲ್ಲಿಸುತ್ತಾಳೆ. "ಅತ್ತೆ, ಏನೂ ಇಲ್ಲ. ಕ್ಲೀನಾಗಿದೆ. ಮೂರು ಜನ ನೋಡಿದ್ರು. ರಕ್ತ ಕಡಿಮೆ ಇದೆಯಂತೆ, ಮಾತ್ರೆ ಕೊಟ್ಟಿದಾರೆ. ಇವರು ಫೋನ್ ಮಾಡ್ತೀನಿ ಅಂದ್ರು, ನಾನೇ ಹೋಗಿ ಹೇಳ್ತೀನಿ ಅಂತ ಬಿಡ್ಲಿಲ್ಲ."

ಜಾಡಿಯಮ್ಮ ಹತ್ತಿರ ಹೋಗಿ ಸೊಸೆಯ ತಲೆಯನ್ನು ಎರಡೂ ಕೈಯಲ್ಲಿ ಹಿಡಿದು, ಅವಳ ಹಣೆಗೆ ತಮ್ಮ ಕೆನ್ನೆ ಒತ್ತುತ್ತಾರೆ. ಕೈಯನ್ನು ನಂಬುವುದು ಬಿಟ್ಟ ಮೇಲೆ ಜ್ವರ ನೋಡುವುದು ಹೀಗೆಯೇ. ಬಹಳ ಹೊತ್ತು ಹಾಗೇ ನಿಲ್ಲುತ್ತಾರೆ. ಆಮೇಲೆ ಮಲಗಿದ ಜಾಡಿಯತ್ತ ಬೆರಳು ತೋರಿಸುತ್ತಾರೆ. "ಬೆಳಗ್ಗೆಯಿಂದ ಬಾಗಿಲಲ್ಲೇ ಕೂತಿದೆ ಕಣೇ."

ಸೊಸೆ ಹಿಂದೆಮುಂದೆ ನೋಡದೆ ಜಾಡಿಯನ್ನು ಎತ್ತುತ್ತಾಳೆ, ಒಮ್ಮೆ ನಿಲ್ಲಿಸುತ್ತಾಳೆ, ಮೆಲ್ಲಗೆ ಹಿಂದಕ್ಕೆ ಒರಗಿಸಿ ಮಲಗಿಸುತ್ತಾಳೆ. ಗಡ್ಡೆ ಬಾಗಿಲು ಬಿಟ್ಟು ನಿಧಾನವಾಗಿ ತೇಲಿ ಹೋಗಿ ಹಿಂದಿನ ಗೋಡೆಗೆ ಒರಗುತ್ತದೆ. "ಮಲಕ್ಕೋ ನೀನು," ಎನ್ನುತ್ತಾಳೆ ಅದಕ್ಕೆ.

ತಿರುಗಿದವಳ ಕಣ್ಣಿಗೆ ಅತ್ತೆಯ ಶೂ ಬೀಳುತ್ತದೆ. ಅವಳ ಅಂಗಡಿಯದ್ದೇ. ಒಂದರ ಪಟ್ಟಿ ಬಿಚ್ಚಿ ನೆಲಕ್ಕೆ ಎಳೆಯುತ್ತಿದೆ, ಬೆಳಗಿನಿಂದಲೂ ಹಾಗೇ ಇತ್ತೇನೋ. ಅವಳು ಮಂಡಿಯೂರಿ ಬಗ್ಗುತ್ತಾಳೆ. ಬೇಡ, ಬೇಡ ಎಂದು ಜಾಡಿಯಮ್ಮನ ಕೈ ಮುಂದೆ ಬಂದು ಗಾಳಿಯಲ್ಲೇ ನಿಲ್ಲುತ್ತದೆ. ಸೊಸೆ ಪಟ್ಟಿ ಎಳೆದು ಬಿಗಿಯುತ್ತಾಳೆ, ಸಡಿಲಿಸಿ ಮತ್ತೆ ಬಿಗಿಯುತ್ತಾಳೆ, ಗಿರಾಕಿಗೆ ಮಾಡುವಂತೆ ಹೆಬ್ಬೆರಳ ತುದಿ ಒತ್ತಿ ನೋಡುತ್ತಾಳೆ. ಅತ್ತೆ ಅವಳ ನೆತ್ತಿಯನ್ನೇ ನೋಡುತ್ತಿದ್ದಾರೆ. ಸೊಸೆ ಏಳುತ್ತಾಳೆ. ನೇರವಾಗಿ, ಏನನ್ನೂ ಹಿಡಿಯದೆ, ಎದ್ದು ನಿಲ್ಲುತ್ತಾಳೆ. ಮುಖದ ಬಣ್ಣ ಇದ್ದಲ್ಲೇ ಇದೆ.

"ಅಬ್ಬಾ, ಸಾಕಾಯ್ತು ಇವತ್ತು," ಎಂದು ಅವಳು ವಿದ್ಯಾರ್ಥಿಗಳ ಉದ್ದನೆಯ ಬೆಂಚಿನ ಮೇಲೆ ಕಾಲು ಚಾಚಿ ಮಲಗಿಯೇಬಿಡುತ್ತಾಳೆ. ಈ ಕೋಣೆಯಲ್ಲಿ ಬದುಕಿರುವವರ್‍ಯಾರೂ ಹಾಗೆ ಮಲಗಿದ್ದನ್ನು ಜಾಡಿಯಮ್ಮ ಕಂಡಿಲ್ಲ. ಹತ್ತಿರ ಹೋಗಿ ನೋಡುತ್ತಾರೆ. ಎದೆ ಏರಿ ಇಳಿಯುತ್ತಿದೆ. ಒಂದು ಕಣ್ಣು ಅರ್ಧ ತೆರೆದು ಸೊಸೆ ಕಾಯುತ್ತಿದ್ದಾಳೆ.

ಜಾಡಿಯಮ್ಮ ಕಣ್ಣೊರೆಸಿಕೊಳ್ಳುತ್ತಾರೆ, ಗಂಟಲು ಸರಿಮಾಡಿಕೊಳ್ಳುತ್ತಾರೆ, ಸೊಂಟದ ಮೇಲೆ ಕೈಯಿಟ್ಟುಕೊಳ್ಳುತ್ತಾರೆ. ಸ್ವರ ಕೋಣೆಯ ಗಾಜೆಲ್ಲ ಝಲ್ಲೆನ್ನುವಷ್ಟು ಏರುತ್ತದೆ.

"ಹಾಡುಹಗಲಲ್ಲಿ ಎಲ್ಲರ ಮುಂದೆ ಹೀಗಾ ಬಿದ್ಕೊಳ್ಳೋದು? ಏಳೇ ಸೋಮಾರಿ!"